ನಕ್ಷೆ ಸಿಗುವ ಮೊದಲು

'ಹಾಲೋ ನೈಟ್: ಸಿಲ್ಕ್‌ಸಾಂಗ್' ಎಂಬ ವಿಡಿಯೋ ಗೇಮ್ ಬರುತ್ತದೆಂದು ತಿಳಿದದ್ದು 2019ರ ಫೆಬ್ರವರಿಯಲ್ಲಿ, ಬಂದದ್ದು 2025ರ ಸೆಪ್ಟೆಂಬರ್ 4ರಂದು. ನಡುವಿನ ಆರೂವರೆ ವರ್ಷ, ಯಾರು ಯಾವ ಹೊಸ ಗೇಮ್ ತೋರಿಸಲು ನಿಂತರೂ 'ಸಿಲ್ಕ್‌ಸಾಂಗ್ ಎಲ್ಲಿ?' ಎಂಬ ಕೂಗು ಏಳುತ್ತಿತ್ತು. ಟ್ರೇಲರನ್ನು ಕ್ಷಣಕ್ಷಣಕ್ಕೂ ನಿಲ್ಲಿಸಿ ಅರ್ಥ ಹೇಳುವ ವಿಡಿಯೋಗಳು ಬಂದವು. ನಾನು ಒಂದನ್ನೂ ನೋಡಲಿಲ್ಲ. ಗೆಳೆಯರ ವಾಟ್ಸಾಪ್ ಗುಂಪನ್ನು ಮ್ಯೂಟ್ ಮಾಡಿದೆ.

ಕುಂದಾಪುರದ ಸೋದರಮಾವನಿಗೆ ಇದು ತಮಾಷೆಯಾಗಿ ಕಂಡಿತು. ಕರಾವಳಿಯಲ್ಲಿ ಯಕ್ಷಗಾನಕ್ಕೂ 'ಆಟ' ಎಂದೇ ಹೆಸರು. "ಗದಾಯುದ್ಧದಲ್ಲಿ ಕೌರವನ ತೊಡೆ ಮುರಿಯುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೂ ಬೆಳಗಿನ ತನಕ ಆಟ ನೋಡ್ತೇವಲ್ಲ ಮಾರಾಯ! ಕಥೆ ಗೊತ್ತಾದರೆ ಹಾಳಾಗುವುದು ಎಂಥ ಆಟ?" ಎಂದರು.

ಸುಮ್ಮನೆ ತಳ್ಳಿಹಾಕುವ ಪ್ರಶ್ನೆಯಲ್ಲ. ಆದರೆ ಅವರ ಆಟದಲ್ಲೂ ಗೊತ್ತಿಲ್ಲದ್ದು ಒಂದಿದೆ. ಪಾತ್ರಧಾರಿಯ ಮಾತು ರಂಗದ ಮೇಲೆಯೇ ಹುಟ್ಟುತ್ತದೆ. ಈ ರಾತ್ರಿಯ ಕೌರವ ಏನು ಹೇಳಿಯಾನು ಎಂದು ಹಗಲಲ್ಲಿ ಯಾರೂ ಹೇಳಲಾರರು. ಜನ ನಿದ್ದೆಗೆಡುವುದು ಅದಕ್ಕಾಗಿ.

ನನ್ನ ಆಟದಲ್ಲಿ ಗೊತ್ತಿಲ್ಲದ್ದು ಇರುವುದು ದಾರಿಯಲ್ಲಿ. 2017ರ ಮೊದಲ 'ಹಾಲೋ ನೈಟ್'ನಲ್ಲಿ ಹೊಸ ಜಾಗಕ್ಕೆ ಕಾಲಿಟ್ಟಾಗ ಕೈಯಲ್ಲಿ ನಕ್ಷೆ ಇರುವುದಿಲ್ಲ. ನೆಲದ ಮೇಲೆ ಅಲ್ಲಲ್ಲಿ ಹಾಳೆಗಳು ಬಿದ್ದಿರುತ್ತವೆ; ಎಲ್ಲಿಂದಲೋ ಒಂದು ಗುನುಗು ಕೇಳುತ್ತದೆ. ಅದರ ಜಾಡು ಹಿಡಿದು ಹೋದರೆ ನಕ್ಷೆ ಬರೆಯುವ ಕಾರ್ನಿಫರ್ ಸಿಗುತ್ತಾನೆ. ಅಲ್ಲಿಯವರೆಗೆ ಕಿವಿಯೇ ದಾರಿ. ಆ ತಡಕಾಟ ಹೋದರೆ ಆಟದಲ್ಲಿ ಉಳಿಯುವುದು ಬೆರಳಿನ ಕೆಲಸ ಮಾತ್ರ.

ಸ್ಪಾಯ್ಲರ್ ಎಂದರೆ ಬಾಗಿಲಲ್ಲೇ ಕೈಗೆ ನಕ್ಷೆ ತುರುಕುವುದು. ಹೈಪ್ ಇನ್ನೂ ವಿಚಿತ್ರ. ಅದು ಕೊಡುವುದು ಇಲ್ಲದ ಊರಿನ ನಕ್ಷೆ. ಆರು ವರ್ಷ ತಲೆಯಲ್ಲಿ ಕಟ್ಟಿಕೊಂಡ ಊರನ್ನು ಹುಡುಕುತ್ತಾ ಹೋದವನಿಗೆ ಎದುರಿಗಿರುವ ಊರು ಕಾಣುವುದಿಲ್ಲ. ಸಿಕ್ಕದ್ದಕ್ಕೆ ದೂರುತ್ತಲೇ ಅಲ್ಲಿಂದ ಮರಳುತ್ತಾನೆ.

ದೂರ ಇರುವುದಕ್ಕೆ ಬೆಲೆಯೂ ಇದೆ. ಗೆಳೆಯರು ಒಟ್ಟಿಗೆ ಕಾದರು, ಹುಸಿ ಸುದ್ದಿಗಳಿಗೆ ಒಟ್ಟಿಗೆ ನಕ್ಕರು. ಆ ಸುಖದಲ್ಲಿ ನನಗೆ ಪಾಲಿರಲಿಲ್ಲ. ಆಸ್ಟ್ರೇಲಿಯಾದ ಅಡಿಲೇಡ್‌ನ ಪುಟ್ಟ ತಂಡ 'ಟೀಮ್ ಚೆರ್ರಿ' ಬಿಡುಗಡೆಗೆ ಎರಡೇ ವಾರ ಮೊದಲು ದಿನಾಂಕ ಹೇಳಿತು. ವಿಮರ್ಶಕರಿಗೂ ಪ್ರತಿಯನ್ನು ಮುಂಚೆ ಕೊಡಲಿಲ್ಲ. ಹಾಗಾಗಿ ಆ ದಿನ ಎಲ್ಲರೂ ಒಂದೇ ಕತ್ತಲೆಯೊಳಗೆ ಇಳಿದೆವು. ಗುಂಪಿಗೆ ನಾನು ಮರಳಿದ್ದು ಆಗಲೇ. ಯಾರು ಏನು ಕೇಳಿದರೂ ಯಾರಲ್ಲೂ ಉತ್ತರವಿರಲಿಲ್ಲ.

ಮೊನ್ನೆ ಗೆಳತಿಯೊಬ್ಬಳು ತಡವಾಗಿ ಅದನ್ನು ಶುರುಮಾಡಿ, ಒಂದು ಕಡೆ ಸಿಕ್ಕಿಹಾಕಿಕೊಂಡು ದಾರಿ ಕೇಳಿದಳು. "ಇನ್ನೊಂಚೂರು ಹುಡುಕು" ಎಂದೆ. ಚೆನ್ನಾಗಿ ಬೈದಳು. ಎರಡು ದಿನ ಮಾತಿಲ್ಲ. ಮೂರನೆಯ ದಿನ ನಡುರಾತ್ರಿ ಅವಳಿಂದ ಸಂದೇಶ ಬಂತು, ಒಂದೇ ಪದ: "ಸಿಕ್ತು!"