ಅಜ್ಜಿಯ ಅಲಸಂಡೆ ಹುಡುಕುತ್ತಾ ಕಾಪುವಿಗೆ

ಕಳೆದ ರಜೆಯಲ್ಲಿ ಮಣಿಪಾಲದಿಂದ ಹಿರಿಯಡ್ಕ, ಬೈಲೂರು ದಾಟಿ ಕಾರ್ಕಳದ ಅಜ್ಜಿಮನೆಗೆ ಹೋಗಿದ್ದೆ. ಅಟ್ಟದಲ್ಲಿ ಅಜ್ಜಿ ಬೂದಿ ಬೆರೆಸಿಟ್ಟ ಅಲಸಂಡೆ ಬೀಜದ ಬಾಟಲಿ ಸಿಕ್ಕಿತು. ಅಜ್ಜಿ ತೀರಿಹೋಗಿ ಆರು ವರ್ಷ. ಹಿತ್ತಲಲ್ಲಿ ಹಾಕಿ ಹತ್ತು ದಿನ ಕಾದರೂ ಒಂದೂ ಮೊಳಕೆ ಬರಲಿಲ್ಲ. ಉಳಿದ ನಾಲ್ಕು ಬೀಜ ಜೇಬಿಗೆ ಹಾಕಿಕೊಂಡೆ.

ಮಣಿಪಾಲದಲ್ಲಿ ಬಯೋಟೆಕ್ನಾಲಜಿ ಓದಿದ ಗೆಳೆಯನಿಗೆ ತೋರಿಸಿದೆ. "ಸತ್ತ ಬೀಜದಲ್ಲೂ ಡಿಎನ್‌ಎ ಉಳಿದಿರ್ತದೆ ಮಾರಾಯ. ಇದು ಯಾರ ಸಂಬಂಧಿ ಅಂತ ಹೇಳಬಹುದು. ಮೊಳಕೆ ಬರಿಸ್ಲಿಕ್ಕೆ ಮಾತ್ರ ಆಗುದಿಲ್ಲ" ಅಂದ.

ಅವನು ಹೇಳಿದ್ದು ನನ್ನ ಕೋಡಿಂಗ್ ತಲೆಗೆ ಸುಲಭವಾಗಿ ಹೊಕ್ಕಿತು. ಅಲಸಂಡೆಗೆ 11 ಜೊತೆ ಕ್ರೋಮೋಸೋಮು. ಸುಮಾರು 64 ಕೋಟಿ ಅಕ್ಷರಗಳ ಅದರ ಜೀನೋಮ್ 2019ರಲ್ಲಿ ಪ್ರಕಟವಾಗಿದೆ. ಎರಡು ತಳಿಗಳಲ್ಲಿ ಎಲ್ಲೆಲ್ಲಿ ಅಕ್ಷರ ಬೇರೆ ಅಂತ ಹೋಲಿಸಿದರೆ ವಂಶವೃಕ್ಷ ಬರೆಯಬಹುದು. ಎರಡು ಫೈಲು ಪಕ್ಕಪಕ್ಕ ಇಟ್ಟು ವ್ಯತ್ಯಾಸ ನೋಡಿದ ಹಾಗೆಯೇ. ಹೂವು ಹೆಚ್ಚಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದರಿಂದ ಒಂದು ಮನೆಯ ಬೀಜ ತಲೆಮಾರುಗಟ್ಟಲೆ ಹೆಚ್ಚು ಬದಲಾಗದೆ ಉಳಿಯುತ್ತದೆ. ಉಡುಪಿ ಪೇಟೆಯಲ್ಲಿ ಕಟ್ಟು ಕಟ್ಟಾಗಿ ಮಾರುವ ಉದ್ದ ಅಲಸಂಡೆಯೂ ಘಟ್ಟದ ಮೇಲಿನ ಅಲಸಂದೆ ಕಾಳೂ ಒಂದೇ ಪ್ರಭೇದ, ಮೂಲ ಆಫ್ರಿಕಾ ಅಂತ ಗೊತ್ತಾದಾಗ ನಿಜಕ್ಕೂ ಆಶ್ಚರ್ಯವಾಯ್ತು.

ಆದರೆ ನನಗೆ ಬೇಕಿದ್ದದ್ದು ಬದುಕಿರುವ ಬೀಜ. ಕಾಪುವಿನ ದೊಡ್ಡಮ್ಮನ ನೆನಪಾಯ್ತು. ಕಟಪಾಡಿ ದಾಟಿ ಹೊರಟೆ. 1901ರ ದೀಪಸ್ತಂಭ ನೋಡಲು ಎಷ್ಟೋ ಸಲ ಹೋದವನು, ಅವರ ಹಿತ್ತಲು ನೋಡಿದ್ದು ಇದೇ ಮೊದಲು! ಚಪ್ಪರದ ತುಂಬಾ ಅಲಸಂಡೆ. ಬೀಜ ಪಕ್ಕಪಕ್ಕ ಇಟ್ಟು ನೋಡಿದೆ. ಅದೇ ಕೆಂಪು, ಅದೇ ಬಿಳಿ ಮಚ್ಚೆ.

"ಪರೀಕ್ಷೆ ಎಂತಕ್ಕೆ ಮಗಾ? ನಾನು ಮದುವೆಯಾಗಿ ಬರುವಾಗ ಅಮ್ಮ ಸೆರಗಿನಲ್ಲಿ ಕಟ್ಟಿ ಕೊಟ್ಟದ್ದು ಇದು" ಅಂದರು ದೊಡ್ಡಮ್ಮ.

ಮಧ್ಯೆ ಬೇರೆ ಬೀಜ ಸೇರಿರಲೂಬಹುದು. ಅದನ್ನು ಹೇಳಲು ಲ್ಯಾಬೇ ಬೇಕು. ಆದರೆ ಲ್ಯಾಬಿಗೆ ಕೊಡಲಿಕ್ಕಾದರೂ ಯಾರಾದರೂ ಪ್ರತಿ ವರ್ಷ ಬಿತ್ತಿರಬೇಕಲ್ಲ? ದೊಡ್ಡಮ್ಮ ಬಿತ್ತಿದ್ದರು, ನಾವು ಬಿಟ್ಟಿದ್ದೆವು.

ಒಂದು ಮುಷ್ಟಿ ಬೀಜ ಈಗ ಕಾರ್ಕಳಕ್ಕೆ ವಾಪಸು ಬಂದಿದೆ. ಐದನೇ ದಿನಕ್ಕೇ ಮೊಳಕೆ ಕಂಡಿತು. ನಿಮ್ಮ ಅಟ್ಟದಲ್ಲೂ ಅಂಥ ಬಾಟಲಿ ಇದ್ದರೆ ಈ ವರ್ಷವೇ ಬಿತ್ತಿಬಿಡಿ.