ಸೋಲು ಕೇಳುತ್ತಾ ಕುಮಟೆಗೆ

1987ರ ನವೆಂಬರ್ 5. ಮುಂಬಯಿಯಲ್ಲಿ ವಿಶ್ವಕಪ್ ಸೆಮಿಫೈನಲ್. ನಾನು ಭಟ್ಕಳದಿಂದ ಹೊನ್ನಾವರಕ್ಕೆ ಹೊರಟ ಬಸ್ಸಿನಲ್ಲಿ. ಪಕ್ಕದವರ ಟ್ರಾನ್ಸಿಸ್ಟರಿನಲ್ಲಿ ಆಕಾಶವಾಣಿಯ ವೀಕ್ಷಕ ವಿವರಣೆ. ಉಪ್ಪುನೀರು ಒಳ್ಳೆಯ ವಿದ್ಯುದ್ವಾಹಕ. ಮಧ್ಯಮ ತರಂಗ ಅದರ ಮೇಲೆ ಬಹುದೂರ ಸಾಗುತ್ತದೆ. ಹಾಗಾಗಿ ಕಡಲಂಚಿನಲ್ಲಿ ದನಿ ಸ್ಪಷ್ಟ, ಗುಡ್ಡದ ಮರೆಯಲ್ಲಿ ಬರೀ ಗರಗರ.

ಶರಾವತಿ ಸೇತುವೆಯ ಮೇಲೆ ಬಂದಾಗ ಕಪಿಲ್ ದೇವ್ ಎತ್ತಿ ಹೊಡೆದ ಚೆಂಡು ಗ್ಯಾಟಿಂಗ್ ಕೈಸೇರಿತು. ಬಸ್ಸಿಗೆ ಬಸ್ಸೇ ಮೌನ. ಹೊನ್ನಾವರದಲ್ಲಿ ಇಳಿಯಬೇಕಿದ್ದ ನಾನು ಇಳಿಯಲಿಲ್ಲ. ಜೇಬಿನ ಚಿಲ್ಲರೆಯೆಲ್ಲ ಕುಮಟೆಯ ಟಿಕೆಟ್ಟಿಗೇ ಮುಗಿಯಿತು.

ಕುಮಟೆ ತಲುಪುವಷ್ಟರಲ್ಲಿ ಭಾರತ ಇಂಗ್ಲೆಂಡಿಗೆ 35 ರನ್ನುಗಳಿಂದ ಸೋತಿತ್ತು. ರೇಡಿಯೊದ ಯಜಮಾನರು ಏನೂ ಹೇಳದೆ ನನ್ನ ಕೈಗೆ ವಾಪಸು ಬಸ್ಸಿನ ಹಣವಿಟ್ಟು ಇಳಿದುಹೋದರು. ಹೆಸರು ಕೇಳಲಿಲ್ಲ. ಈಗ ಸ್ಕೋರು ಫೋನಿನಲ್ಲೇ ಬರುತ್ತದೆ. ಆ ಸಾಲ ಮಾತ್ರ ಉಳಿದಿದೆ.