ಹೊಸ ಅಕ್ಕಿಯ ಪಾಲು

ಕ್ರೈಸ್ತ ತರುಣನೆಂದೊಡನೆ ಬಹುಮಂದಿಯ ಕಣ್ಣಿಗೆ ಕಟ್ಟುವ ಚಿತ್ರವನ್ನು ಬರೆದವರು ಸಿನಿಮಾದವರು. ಕೈಯಲ್ಲಿ ಗಿಟಾರು, ಮೇಜಿನ ಮೇಲೆ ಕೇಕು, ಪಕ್ಕದಲ್ಲಿ ಫ್ರಾಕು ತೊಟ್ಟ ಗೆಳತಿ. ಭಾನುವಾರ ಬೆಳಿಗ್ಗೆ ಅರ್ಧ ಗಂಟೆಯ ಪ್ರಾರ್ಥನೆ, ಉಳಿದ ಹೊತ್ತೆಲ್ಲ ಕುಣಿತ. ಈ ಚಿತ್ರವನ್ನು ಬರೆದವರು ಪುತ್ತೂರು, ಸುಳ್ಯ, ಕಡಬಗಳ ಕಡೆಗೆ ಎಂದಾದರೂ ಬಂದಿದ್ದರೋ ಇಲ್ಲವೋ ನಾನರಿಯೆ. ನಾನು ಹುಟ್ಟಿ ಬೆಳೆದ ಆ ಸೀಮೆಯ ಕ್ರೈಸ್ತ ತರುಣನ ಕೈಯಲ್ಲಿ ಗಿಟಾರು ಇಲ್ಲವೆಂದಲ್ಲ. ಆದರೆ ಅದಕ್ಕಿಂತ ಹೆಚ್ಚು ಹೊತ್ತು ಆ ಕೈಯಲ್ಲಿ ಇರುವುದು ಒಂದು ತಟ್ಟೆ. ತಟ್ಟೆಯ ಮೇಲೊಂದು ಬಾಳೆಲೆ. ಬಾಳೆಲೆಯ ಕೆಳಗೆ ಯಾರಿಗೋ ಸಲ್ಲಬೇಕಾದ ಪಾಲು. ಅವನ ಇಗರ್ಜಿ, ಅವನ ಮನೆಯ ಹಬ್ಬಗಳು, ಅವನ ವಿಹಾರಗಳು ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಈ ಪಾಲನ್ನು ಹೊತ್ತು ನಡೆಯುವ ಕೆಲಸದಲ್ಲಿ.

ಹೊರಗಿನಿಂದ ನೋಡುವವರಿಗೆ ಕ್ರೈಸ್ತರೆಲ್ಲ ಒಂದೇ. ಒಳಹೊಕ್ಕು ನೋಡಿದರೆ ಇಲ್ಲಿ ಕನಿಷ್ಠ ಪಕ್ಷ ಮೂರು ಒಲೆಗಳುಂಟು. ಮೊದಲನೆಯದು ಕೊಂಕಣಿಯಾಡುವ ಕಥೋಲಿಕರದು. ಇವರ ಪೂರ್ವಿಕರು ಗೋವೆಯಿಂದ ಬಂದವರು. 1784ರಲ್ಲಿ ಟಿಪ್ಪುವಿನ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ನಡೆದು, 1799ರ ಬಳಿಕ ಅಳಿದುಳಿದವರು ಮರಳಿ ಬಂದು ಮತ್ತೆ ನೆಲ ಹಿಡಿದವರು. ಎರಡನೆಯದು ತುಳು, ಕನ್ನಡಗಳನ್ನಾಡುವ ಪ್ರೊಟೆಸ್ಟಂಟರದು. 1834ರಲ್ಲಿ ಮಂಗಳೂರಿನಲ್ಲಿ ಕಾಲಿಟ್ಟ ಬಾಸೆಲ್ ಮಿಶನ್ನಿನಿಂದ ಮೊದಲಾದ ಬಳಗವಿದು. ಮೂರನೆಯದು ಕೇರಳದಿಂದ ಗುಡ್ಡವೇರಿ ಬಂದು, ರಬ್ಬರು, ಕರಿಮೆಣಸು ಬೆಳೆದು ನೆಲೆನಿಂತ ಮಲಯಾಳಿ ಕ್ರೈಸ್ತರದು. ಕಡಬ, ನೆಲ್ಯಾಡಿಗಳ ಕಡೆ ಇವರು ಹೆಚ್ಚು. ಇವರ ಸಂಖ್ಯೆ ಎಷ್ಟು ಬೆಳೆಯಿತೆಂದರೆ ಸೀರೊ ಮಲಬಾರ್ ಪಂಥದವರಿಗೆ 1999ರಲ್ಲಿ ಬೆಳ್ತಂಗಡಿಯಲ್ಲಿ, ಸೀರೊ ಮಲಂಕರ ಪಂಥದವರಿಗೆ 2010ರಲ್ಲಿ ಪುತ್ತೂರಿನಲ್ಲಿ ಪ್ರತ್ಯೇಕ ಧರ್ಮಪ್ರಾಂತಗಳೇ ಆದವು. ಮನೆಯಲ್ಲಿ ಕೊಂಕಣಿ, ಬಸ್ಸಿನ ಕಂಡಕ್ಟರನೊಡನೆ ತುಳು, ತರಗತಿಯಲ್ಲಿ ಕನ್ನಡ, ಪಕ್ಕದ ಬೆಂಚಿನ ಗೆಳೆಯನೊಡನೆ ಅರೆಬರೆ ಮಲಯಾಳ. ಹೀಗೆ ನಾಲ್ಕು ನುಡಿಗಳಲ್ಲಿ ದಿನ ಕಳೆಯುವ ಹುಡುಗ ನಮ್ಮಲ್ಲಿ ಯಾರಿಗೂ ಸೋಜಿಗವಲ್ಲ.

ಒಲೆ ಬೇರೆಯಾದರೂ ಮೂರರಲ್ಲಿಯೂ ಒಂದು ಪದ್ಧತಿ ಸಮಾನವಾಗಿದೆ. ಅದು ಪಾಲಿನದು.

ಕೊಂಕಣಿಗರ ಮೊಂತಿ ಹಬ್ಬವನ್ನೇ ನೋಡಿ. ಸೆಪ್ಟೆಂಬರ್ 8 ಮಾತೆ ಮರಿಯಳ ಜನ್ಮದಿನ. ಫರಂಗಿಪೇಟೆಯ ಮೊಂತಿ ಮರಿಯಾನೊ ಇಗರ್ಜಿಯಲ್ಲಿ 1763ರಲ್ಲಿ ಜೋಕಿಂ ಮಿರಾಂದಾ ಎಂಬ ಪಾದ್ರಿಗಳು ಇದನ್ನು ಮೊದಲುಮಾಡಿದರೆಂದು ಹೇಳಿಕೆ. ಹಬ್ಬಕ್ಕೆ ಮುನ್ನ ಒಂಬತ್ತು ದಿನ ಮಕ್ಕಳು ತಟ್ಟೆ ತುಂಬ ಹೂ ಕೊಯ್ದು ತಂದು ಬಾಲೆ ಮರಿಯಳಿಗೆ ಚೆಲ್ಲುತ್ತಾರೆ. ನಮ್ಮ ಕಾಲದಲ್ಲಿ ಹೂವಿಗಾಗಿ ಬೆಳಗಿನ ಜಾವವೇ ಎದ್ದು, ಭಟ್ಟರ ಬೇಲಿ, ಗೌಡರ ಅಂಗಳ, ಬ್ಯಾರಿಗಳ ಹಿತ್ತಿಲು ಎಲ್ಲವನ್ನೂ ಸುತ್ತುತ್ತಿದ್ದೆವು. ‘ಬಾಯಮ್ಮನ ಮಕ್ಕಳು ಬಂದರು’ ಎಂದು ಅವರೇ ಗೊಂಡೆಯ ಗೆಲ್ಲನ್ನು ಬಗ್ಗಿಸಿಕೊಡುತ್ತಿದ್ದರು. ಹಬ್ಬದ ದಿನ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಮಕ್ಕಳ ಕೈಗೆ ಕಬ್ಬು. ಮನೆಗೆ ತಂದ ತೆನೆಯನ್ನು ದೇವರ ಪೀಠದಲ್ಲಿಟ್ಟು, ಕಾಳು ಸುಲಿದು, ಪುಡಿಮಾಡಿ, ತೆಂಗಿನ ಹಾಲಿನಲ್ಲಿ ಕಲಸುತ್ತಾರೆ. ಹಿರಿಯರು ಪ್ರಾರ್ಥನೆ ಮುಗಿಸಿ ವಯಸ್ಸಿನ ಅನುಕ್ರಮದಲ್ಲಿ ಒಬ್ಬೊಬ್ಬರಿಗೂ ಕೊಡುತ್ತಾರೆ. ಆಮೇಲೆ ಬಾಳೆಲೆಯ ಮೇಲೆ ಬೆಸಸಂಖ್ಯೆಯ ಸಸ್ಯಾಹಾರದ ಪಲ್ಯಗಳ ಊಟ. ತುಳುವರ ಪುದ್ವಾರನ್ನು, ಕೊಡಗರ ಪುತ್ತರಿಯನ್ನು ಬಲ್ಲವರಿಗೆ ಇದು ಯಾವ ಮಣ್ಣಿನ ಹಬ್ಬವೆಂದು ಬೇರೆ ಹೇಳಬೇಕಾಗಿಲ್ಲ.

ನನಗೆ ಚೆನ್ನಾಗಿ ನೆನಪಿರುವುದು ಹಂಚಿಕೆಯ ಕೊನೆಯ ಭಾಗ. ಎಲ್ಲರಿಗೂ ಕೊಟ್ಟಾದ ಮೇಲೆ ಅಜ್ಜಿ ಇನ್ನಷ್ಟು ಕಾಳನ್ನು ಬೇರೆಯಾಗಿ ತೆಗೆದಿಡುತ್ತಿದ್ದಳು. ಒಂದು ಚಿಟಿಕೆ ಮುಂಬಯಿಯ ದೊಡ್ಡಪ್ಪನಿಗೆ. ಅದು ಲಕೋಟೆಯಲ್ಲಿ ಅಂಚೆಗೆ ಹೋಗಬೇಕು. ಒಂದು ಚಿಟಿಕೆ ತೋಡಿನಾಚೆಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದ ಮುದುಕಿಗೆ. ಅದನ್ನು ಒಯ್ಯಬೇಕಾದವನು ನಾನು. ನಾನು ಹಿಂದಿರುಗುವವರೆಗೆ ಎಲೆ ಹಾಕುತ್ತಿರಲಿಲ್ಲ. ಹಸಿವಾಗಿದೆಯೆಂದು ಗೊಣಗಿದರೆ, ‘ಅವಳಿಗೂ ಹಸಿವೇ ಅಲ್ಲವೇ?’ ಎಂಬ ಒಂದು ಮಾತು. ತೋಡಿನ ಪಾಲದ ಮೇಲೆ ಒಂದು ಕೈಯಲ್ಲಿ ತಟ್ಟೆ ಹಿಡಿದು ದಾಟುವ ವಿದ್ಯೆಯನ್ನು ನಾನು ಕಲಿತದ್ದು ಹಾಗೆ.

ಪ್ರೊಟೆಸ್ಟಂಟರಲ್ಲಿ ಇದೇ ಭಾವ ಬೆಳೆಹಬ್ಬವಾಗಿ ಬರುತ್ತದೆ. ಅವರವರ ಹಿತ್ತಿಲಿನ ಫಲದಲ್ಲಿ ಮೊದಲನೆಯದನ್ನು ದೇವಾಲಯಕ್ಕೆ ತರುತ್ತಾರೆ: ತೆಂಗಿನಕಾಯಿ, ಬಾಳೆಗೊನೆ, ಸೌತೆ, ಕೆಲವೊಮ್ಮೆ ಕಾಲು ಕಟ್ಟಿದ ಹುಂಜ. ಪ್ರಾರ್ಥನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ. ತರುಣರದೇ ಅಲ್ಲಿ ಕಾರುಬಾರು. ಒಬ್ಬ ಹುಂಜವನ್ನು ಎತ್ತಿ ಹಿಡಿಯಬೇಕು. ಒಬ್ಬ ಗಂಟಲು ಹರಿಯುವಂತೆ ಕೂಗಬೇಕು. ಒಬ್ಬ ಲೆಕ್ಕ ಬರೆಯಬೇಕು. ಅಂಗಡಿಯಲ್ಲಿ ಯಾರೂ ತಿರುಗಿ ನೋಡದ ಸೌತೆಗೆ ಅಲ್ಲಿ ಬರುವ ಬೆಲೆಯನ್ನು ಕೇಳಿದರೆ ಅರ್ಥಶಾಸ್ತ್ರಜ್ಞರು ತಲೆತಿರುಗಿ ಬಿದ್ದಾರು. ಕೊಂಡವರು ಅದನ್ನು ಮತ್ತೆ ಏಲಂಗೆ ಇಡುವುದೂ ಉಂಟು. ಒಂದೇ ಸೌತೆ ಹಲವು ಬಾರಿ ಮಾರಾಟವಾಗುತ್ತದೆ, ಆ ಹಣ ಸಭೆಯ ಕಾರ್ಯಕ್ಕೆ ಸಲ್ಲುತ್ತದೆ, ಸೌತೆ ಮಾತ್ರ ಇದ್ದಲ್ಲಿಯೇ ಇರುತ್ತದೆ!

ಮಲಯಾಳಿಗಳ ಪಾಲು ಇನ್ನೂ ಗಂಭೀರವಾದದ್ದು. ಪವಿತ್ರ ಗುರುವಾರದ ರಾತ್ರಿ ಅವರ ಮನೆಗಳಲ್ಲಿ ಅಕ್ಕಿ, ಉದ್ದುಗಳ ಹುಳಿಯಿಲ್ಲದ ಪೆಸಹಾ ಅಪ್ಪವನ್ನು ಮಾಡುತ್ತಾರೆ. ಗರಿಗಳ ಭಾನುವಾರ ತಂದ ಗರಿಯಿಂದ ಪುಟ್ಟ ಶಿಲುಬೆಯನ್ನು ಮಾಡಿ ಅದರ ಮೇಲಿರಿಸುತ್ತಾರೆ. ಮನೆಯ ಯಜಮಾನ ಅಪ್ಪವನ್ನು ತುಂಡುಮಾಡಿ, ಬೆಲ್ಲ, ತೆಂಗಿನ ಹಾಲುಗಳೊಡನೆ ಹಿರಿಯರಿಂದ ಕಿರಿಯರವರೆಗೆ ಕೊಡುತ್ತಾನೆ. ಆದರೆ ಆ ವರ್ಷ ಸಾವು ಸಂಭವಿಸಿದ ಮನೆಯಲ್ಲಿ ಅಪ್ಪ ಮಾಡುವಂತಿಲ್ಲ. ಅಂಥ ಮನೆಗೆ ನೆರೆಯವರು ತಮ್ಮ ಮನೆಯ ಪಾಲನ್ನು ಒಯ್ದು ಕೊಡಬೇಕು.

ನಾನು ಕಾಲೇಜಿನ ಮೊದಲ ವರ್ಷದಲ್ಲಿದ್ದಾಗ ಕಡಬದ ಕಡೆಯ ನನ್ನ ಗೆಳೆಯನೊಬ್ಬನ ತಂದೆ ತೀರಿಕೊಂಡರು. ಆ ವರ್ಷದ ಪವಿತ್ರ ಗುರುವಾರ ನಾನು ಅವನ ಮನೆಯಲ್ಲಿದ್ದೆ. ಒಲೆ ತಣ್ಣಗಿತ್ತು. ಕತ್ತಲಾದ ಮೇಲೆ ರಬ್ಬರು ತೋಟದ ನಡುವೆ ಟಾರ್ಚಿನ ಬೆಳಕೊಂದು ಕಾಣಿಸಿತು. ನೆರೆಮನೆಯ ಹುಡುಗ ಎಲೆ ಮುಚ್ಚಿದ ತಟ್ಟೆಯೊಂದನ್ನು ಜಗಲಿಯ ಮೇಲಿಟ್ಟು ಮಾತಿಲ್ಲದೆ ನಿಂತ. ಅವನ ಹಿಂದೆ ಇನ್ನೊಂದು ಬೆಳಕು, ಮತ್ತೊಂದು ತಟ್ಟೆ. ಹೀಗೆ ನಾಲ್ಕು ಮನೆಗಳಿಂದ ಬಂದವು. ಹಂಚಬೇಕಾದವರು ಯಾರು ಎಂಬ ಪ್ರಶ್ನೆ ಯಾರ ಬಾಯಿಂದಲೂ ಹೊರಡಲಿಲ್ಲ. ತಾಯಿ ತಟ್ಟೆಯನ್ನು ಹದಿನೇಳು ವರ್ಷದ ಮಗನ ಮುಂದಕ್ಕೆ ಸರಿಸಿ, ‘ನೀನು ಕೊಡು, ಮೋನೇ’ ಎಂದರು. ಅವನು ಎದ್ದುನಿಂತು, ಮೊದಲ ತುಂಡನ್ನು ಅಮ್ಮಚ್ಚಿಯ ಕೈಗೆ, ಆಮೇಲೆ ತಾಯಿಗೆ, ಆಮೇಲೆ ತಂಗಿಗೆ, ಕಡೆಯದನ್ನು ನನಗೆ ಕೊಟ್ಟ. ತನಗೆ ಇಟ್ಟುಕೊಂಡಿರಲಿಲ್ಲ. ತಾಯಿ ತಮ್ಮ ತುಂಡನ್ನು ಮುರಿದು ಅರ್ಧ ಕೊಟ್ಟರು. ಮನೆಯ ಭಾರ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಹೋಗುವುದನ್ನು ನಾನು ಕಣ್ಣಾರೆ ಕಂಡದ್ದು ಅಂದು. ಟಾರ್ಚು ಹಿಡಿದು ಬಂದ ಆ ನಾಲ್ವರು ಹುಡುಗರಿಲ್ಲದೆ ಆ ಕಾರ್ಯ ನಡೆಯುವಂತಿರಲಿಲ್ಲ.

ಇಷ್ಟೆಲ್ಲ ಹೇಳಿದೆನೆಂದು ನಮ್ಮ ತರುಣರಿಗೆ ನಗುವೇ ಇಲ್ಲವೆಂದು ವಾಚಕರು ತಿಳಿಯಬಾರದು. ಮದುವೆಯ ಹಿಂದಿನ ಸಂಜೆಯ ‘ರೋಸ್’ ಶಾಸ್ತ್ರಕ್ಕೆ ಬಂದು ನೋಡಬೇಕು. ವಧುವಿಗೆ ಅವಳ ಮನೆಯಲ್ಲಿ, ವರನಿಗೆ ಅವನ ಮನೆಯಲ್ಲಿ, ತೆಂಗಿನ ಹಾಲನ್ನೂ ಎಣ್ಣೆಯನ್ನೂ ಪೂಸಿ ಬಂಧುಗಳೆಲ್ಲ ಹರಸುವ ಶಾಸ್ತ್ರವದು. ಆ ಹಾಲಿಗೆ ಬೇಕಾದ ಕಾಯಿ ತುರಿಯುವವರು, ಚಪ್ಪರ ಕಟ್ಟುವವರು, ಬೆಂಚು ಹೊರುವವರು ಎಲ್ಲರೂ ತರುಣರು. ಮರುದಿನ ಅವರಲ್ಲೊಬ್ಬ ‘ದೆಡೊ’ ಆಗಿ ವರನ ಪಕ್ಕದಲ್ಲಿ ನಿಂತಾಗ, ತುರಿದು ತುರಿದು ಬೊಬ್ಬೆಯೆದ್ದ ಅಂಗೈಯನ್ನು ಕೋಟಿನ ಕಿಸೆಯಲ್ಲಿ ಬಚ್ಚಿಡುತ್ತಾನೆ.

ಕ್ರಿಸ್ಮಸ್ಸಿನಲ್ಲಿ ಗೋದಲಿ ಕಟ್ಟುವುದು, ನಕ್ಷತ್ರ ತೂಗುಹಾಕುವುದು ಇದ್ದೇ ಇದೆ. ಅದಕ್ಕಿಂತ ದೊಡ್ಡ ಕೆಲಸ ಕುಸ್ವಾರಿನದು. ನೆವ್ರಿ, ಕಿಡಿಯೊ, ಗುಳಿಯೊ, ಚಕ್ಕುಲಿಗಳನ್ನು ತಟ್ಟೆಗಳಲ್ಲಿ ಜೋಡಿಸಿ ನೆರೆಹೊರೆಯ ಮನೆಗಳಿಗೆಲ್ಲ ಮುಟ್ಟಿಸಬೇಕು. ಆ ತಟ್ಟೆಯನ್ನು ಬರಿದಾಗಿ ಹಿಂದಿರುಗಿಸುವ ವಾಡಿಕೆ ನಮ್ಮೂರಲ್ಲಿಲ್ಲ. ಒಂದು ಹಿಡಿ ಸಕ್ಕರೆಯಾದರೂ ಬರಬೇಕು. ಚೌತಿಗೆ ಭಟ್ಟರ ಮನೆಯಿಂದ ಕಡುಬು, ಪೆರ್ನಾಳಿಗೆ ಬ್ಯಾರಿಗಳ ಮನೆಯಿಂದ ತುಪ್ಪದನ್ನ. ವರ್ಷವಿಡೀ ಅದೇ ತಟ್ಟೆಗಳು ಊರನ್ನು ಸುತ್ತುತ್ತಿದ್ದವು. ಯಾರ ಪಾತ್ರೆ ಯಾರ ಮನೆಯಲ್ಲಿದೆ ಎಂಬುದನ್ನು ತಿಳಿಯಲು ತಾಯಂದಿರು ತಟ್ಟೆಯ ಬೆನ್ನಿನ ಮೇಲೆ ಹೆಸರು ಕೊರೆಸಿಡುತ್ತಿದ್ದರು.

ಹಬ್ಬ ಮುಗಿದ ಮೇಲೆ ಗಾಯನ ಮಂಡಳಿಯ ವಿಹಾರ. ಇರ್ದೆಯ ಬೆಂದ್ರುತೀರ್ಥದ ಬಿಸಿನೀರಿನ ಬುಗ್ಗೆ, ನೇತ್ರಾವತಿ, ಕುಮಾರಧಾರೆಗಳು ಕೂಡುವ ಉಪ್ಪಿನಂಗಡಿ, ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಳಿದ ಬಾಲವನ; ಕಾಲು ಗಟ್ಟಿಯಿದ್ದವರಿಗೆ ಸುಬ್ರಹ್ಮಣ್ಯದ ಕುಮಾರಪರ್ವತ. ಹಿರಿಯರೊಬ್ಬರು ಕಾವಲಿಗೆಂದು ಬಸ್ಸಿನ ಮುಂದಿನ ಸೀಟಿನಲ್ಲಿ ಕುಳಿತು ನಿದ್ರೆ ಹೋಗುವುದು ಸಂಪ್ರದಾಯ. ಎಷ್ಟೋ ಮದುವೆಗಳ ಮೊದಲ ಮಾತು ಹುಟ್ಟಿದ್ದು ಆ ನಿದ್ರೆಯ ಕೃಪೆಯಿಂದ. ನಮ್ಮ ಬಸ್ಸಿನಲ್ಲಿ ಮಂಡಳಿಯವರಷ್ಟೇ ಇರುತ್ತಿರಲಿಲ್ಲ. ತಬಲ ನುಡಿಸುವ ರಾಯರ ಮಗ, ಅಡುಗೆಯ ಪಾತ್ರೆ ಕೊಟ್ಟ ಬ್ಯಾರಿಗಳ ಹುಡುಗ, ಕಾಲೇಜಿನ ಗೆಳತಿಯರು ಎಲ್ಲರೂ ಇರುತ್ತಿದ್ದರು. ಈಚಿನ ವರ್ಷಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಬೇರೆ ಬೇರೆ ಮತದ ಹುಡುಗ ಹುಡುಗಿಯರು ಜೊತೆಯಾಗಿ ಹೊರಟಾಗ ದಾರಿಯಲ್ಲಿ ತಡೆದು ಹೆಸರು ಕೇಳಿದ ಸಂಗತಿಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ. ಅದನ್ನು ಓದಿದ ತಂದೆತಾಯಿಗಳು, ‘ನಮ್ಮವರೇ ಹೋಗಿಬನ್ನಿ, ಸಾಕು’ ಎನ್ನುತ್ತಾರೆ. ಅವರ ಅಂಜಿಕೆ ನನಗೆ ಅರ್ಥವಾಗುತ್ತದೆ. ಆದರೆ ಒಟ್ಟಿಗೆ ಬೆಂದ್ರುತೀರ್ಥ ನೋಡದವರು ನಾಳೆ ಒಬ್ಬರ ಮನೆಗೊಬ್ಬರು ತಟ್ಟೆ ಹಿಡಿದು ಹೋದಾರೆಯೆ?

ತಟ್ಟೆ ನಿಲ್ಲಲು ಬೇರೆ ಕಾರಣಗಳೂ ಕೂಡಿಬಂದಿವೆ. ಭತ್ತದ ಗದ್ದೆಗಳು ಅಡಕೆಯ ತೋಟಗಳಾದವು. ತೆನೆಹಬ್ಬಕ್ಕೆ ತೆನೆಯನ್ನು ದೂರದಿಂದ ತರಿಸಬೇಕಾದ ಇಗರ್ಜಿಗಳುಂಟು. ಕೆಲವೆಡೆ ತರುಣರೇ ಹಡಿಲು ಬಿದ್ದ ಗದ್ದೆಯನ್ನು ಹಿಡಿದು ನೇಜಿ ನೆಟ್ಟು ಬೆಳೆದಿದ್ದಾರೆ; ಅವರಿಗೆ ಶುಭವಾಗಲಿ. ತೆನೆ ಹೇಗಾದರೂ ಸಿಕ್ಕೀತು, ಹೊರುವ ಕೈಗಳೆಲ್ಲಿ? ಹುಡುಗರು ಬೆಂಗಳೂರಿನಲ್ಲಿ, ಕೊಲ್ಲಿಯ ನಾಡುಗಳಲ್ಲಿ. ದಾದಿಯರಾದ ಹುಡುಗಿಯರು ಸಮುದ್ರದಾಚೆ. ನಮ್ಮ ವಾಡೆಯ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಈಗ ಇರುವವರು ಇಬ್ಬರೇ, ಅವರೂ ಮುದುಕರು. ವಾಡೆಯ ಗುರಿಕಾರರು ಎಪ್ಪತ್ತರ ಹತ್ತಿರದವರು, ತಾವೇ ಸ್ಕೂಟರಿನಲ್ಲಿ ಮನೆಮನೆಗೆ ತೆನೆ ಮುಟ್ಟಿಸುತ್ತಾರೆ. ಊಟದ ಹೊತ್ತಿಗೆ ಮೊಬೈಲಿನ ತೆರೆಯ ಮೇಲೆ ಮಕ್ಕಳ ಮುಖಗಳು ಬರುತ್ತವೆ. ನನ್ನ ತಾಯಿ ಹೊಸ ಅಕ್ಕಿಯ ಬಟ್ಟಲನ್ನು ಆ ತೆರೆಯ ಬಳಿಗೆ ಹಿಡಿದು ತೋರಿಸಿ, ಆಮೇಲೆ ಒಂದು ಚಿಟಿಕೆಯನ್ನು ಲಕೋಟೆಗೆ ಹಾಕುತ್ತಾಳೆ. ತೆರೆಯ ಮೇಲೆ ತೋರಿಸಿದ್ದನ್ನು ಕೊಟ್ಟದ್ದೆಂದು ಅವಳು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಳೆದ ಮೊಂತಿ ಹಬ್ಬದಂದು ನಮ್ಮ ವಾಡೆಯ ಕೊನೆಯ ಮನೆಯ ಅಜ್ಜಿಗೆ ಪಾಲನ್ನು ಒಯ್ದವನು ಪಕ್ಕದ ಮನೆಯ ಗೌಡರ ಮಗ, ಒಂಬತ್ತನೆಯ ತರಗತಿಯವನು. ಯಾರೂ ಹೇಳಿ ಕಳಿಸಿದ್ದಲ್ಲ. ತಾಯಿ ತಟ್ಟೆ ಹಿಡಿದು ಅಂಗಳದಲ್ಲಿ ಅತ್ತಿತ್ತ ನೋಡುತ್ತಿದ್ದುದನ್ನು ಕಂಡು, ‘ಕೊಡಿ ಬಾಯಮ್ಮ, ನಾನು ಆ ಕಡೆಗೇ ಹೊರಟಿದ್ದೇನೆ’ ಎಂದನಂತೆ. ಬರಿಗೈಯಲ್ಲಿ ಅವನು ಹಿಂದಿರುಗಲಿಲ್ಲ. ಅಜ್ಜಿ ತಟ್ಟೆಯಲ್ಲಿ ಎರಡು ಪೇರಳೆ ಹಣ್ಣು ಹಾಕಿ ಕಳಿಸಿದ್ದಳು.

ಇಗರ್ಜಿಗಳಲ್ಲಿ ಯುವಜನರ ಸಂಘಗಳಿವೆ, ಶಿಬಿರಗಳಿವೆ, ಭಾಷಣಗಳಿವೆ, ಇವೆಲ್ಲ ಬೇಕಾದವೇ. ಆದರೆ ನಮ್ಮ ಸೀಮೆಯ ತರುಣರು ಮನುಷ್ಯರೊಡನೆ ಬಾಳುವುದನ್ನು ಕಲಿತದ್ದು ಹೆಚ್ಚಾಗಿ ತಟ್ಟೆ ಹಿಡಿದು ನಡೆದ ಕಾಲುದಾರಿಗಳಲ್ಲಿ. ರಜೆಗೆಂದು ಊರಿಗೆ ಬರುವ ಮಕ್ಕಳನ್ನು ಸಂಬಳವೆಷ್ಟು, ಫ್ಲಾಟು ಯಾವಾಗ ಎಂದು ಕೇಳಲು ತಂದೆತಾಯಿಗಳಿಗೆ ಹಕ್ಕುಂಟು. ಅದಕ್ಕೂ ಮುನ್ನ ಅವರ ಕೈಗೊಂದು ತಟ್ಟೆಯನ್ನು ಕೊಟ್ಟು, ನಡೆಯಲಾರದವರೊಬ್ಬರ ಮನೆಗೆ ಕಳಿಸಿ ನೋಡಲಿ. ದಾರಿ ಮರೆತಿದ್ದರೆ ನೆರೆಮನೆಯವರು ತೋರಿಸಿಯಾರು.